ಕುಸುಬಿ ಹಾಲಿನ ಆಮ್ಲೆಟ್

ಜರಡಿಯ ಅಂಚಿಗೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತೇನೆ. ಕಡಲೆ ಹಿಟ್ಟು ಬೋಗುಣಿಗೆ ಉದುರುತ್ತದೆ, ತಿಳಿ ಹಳದಿ, ಸದ್ದಿಲ್ಲದೆ. ಭಾನುವಾರ ಬೆಳಗಿನ ಆರೂವರೆ. ಎಳ್ಳಮಾವಾಸ್ಯೆ ಕಳೆದು ಹತ್ತು ದಿನವಾಗಿದೆ. ಧಾರವಾಡದ ಚಳಿ ಇನ್ನೂ ಕಟ್ಟೆಯ ಕಡಪಾ ಕಲ್ಲಿನಲ್ಲಿ ಕೂತಿದೆ. ಮೊಣಕೈ ತಗುಲಿದರೆ ಝುಂ ಅನ್ನುತ್ತದೆ. ಕಿಟಕಿಯ ಗಾಜಿಗೆ ಹಬೆ ಹಿಡಿದು ಹಿತ್ತಲಿನ ಕರಿಬೇವಿನ ಗಿಡ ಬರೀ ಹಸಿರು ಮಬ್ಬಾಗಿ ಕಾಣುತ್ತಿದೆ.

ಎರಡು ಕಪ್ ಹಿಟ್ಟು. ನಮ್ಮ ಹೊಲದ ಕಡಲೆ, ಹೋದ ವರ್ಷದ್ದು. ಬೇಳೆ ಮಾಡಿಸಿ, ಗಿರಣಿಯಲ್ಲಿ ಬೀಸಿಸಿ ಡಬ್ಬಿಗೆ ತುಂಬಿಟ್ಟದ್ದು. ಅಂಗಡಿಯ ಪ್ಯಾಕೆಟ್ ಹಿಟ್ಟಿನಷ್ಟು ನುಣುಪಿಲ್ಲ. ಮೂಗಿಗೆ ಹಿಡಿದರೆ ಮಾತ್ರ ಕಾಳಿನ ವಾಸನೆ ಇನ್ನೂ ಇದೆ.

ಉಪ್ಪು, ಅರ್ಧ ಚಮಚ ಅರಿಸಿನ, ಕುಟ್ಟಿದ ಮೆಣಸು, ಅಂಗೈಯಲ್ಲಿ ತಿಕ್ಕಿದ ಜೀರಿಗೆ. ನಡುವೆ ಗುಳಿ ಮಾಡಿ ಒಂದು ಕಪ್ ನೀರು ಸುರಿದು ಕೈಯಿಂದಲೇ ಕಲಸುತ್ತೇನೆ. ನೀರೆಲ್ಲ ಒಮ್ಮೆಗೇ ಸುರಿದರೆ ಗಂಟುಗಳು ತೇಲಾಡುತ್ತ ಕೊನೆತನಕ ಕಾಡುತ್ತವೆ. ಹಿಟ್ಟು ಗಟ್ಟಿಯಿದ್ದಾಗಲೇ ಅವನ್ನು ಬೆರಳ ಸಂದಿಯಲ್ಲಿ ಒಡೆದುಬಿಡಬೇಕು. ಭಜಿ ಹಿಟ್ಟಿನ ಹದ ಬಂತು. ಇನ್ನರ್ಧ ಕಪ್ ನೀರು. ಇದು ಸಾಲದು, ಇನ್ನೊಂದು ಕಪ್ ಬೇಕು, ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಈಗ ತಟ್ಟೆ ಮುಚ್ಚಿ ಒಂದು ತಾಸು ಸುಮ್ಮನೆ ಬಿಡುವುದು.

ಈ ಒಂದು ತಾಸನ್ನು ದೀಪಾವಳಿಯಲ್ಲಿ ನಾನು ಬಿಟ್ಟಿರಲಿಲ್ಲ. ಕಲಸಿದ ಕೂಡಲೇ ಓವನ್ನಿಗೆ ಇಟ್ಟೆ. ಮೇಲೆ ಚೆಂದ ಕೆಂಪಾಯಿತು, ಒಳಗೆ ಹಸಿ ಹಿಟ್ಟಿನ ವಾಸನೆ ಹಾಗೇ ಉಳಿಯಿತು. ತರಕಾರಿಯನ್ನೂ ಹಸಿಯಾಗಿಯೇ ಸುರಿದಿದ್ದೆ. ಅದು ನೀರು ಬಿಟ್ಟು ನಡುಭಾಗವೆಲ್ಲ ಕೆಸರು. ಮಗಳು ಒಂದು ಮಾತಾಡದೆ ತಿಂದಳು. ಅವಳು ಸುಮ್ಮನೆ ತಿಂದದ್ದೇ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಅವಳೀಗ ಒಳಕೋಣೆಯಲ್ಲಿ ಮಲಗಿದ್ದಾಳೆ. ಪುಣೆಯಿಂದ ರಾತ್ರಿ ಬಸ್ಸಿಗೆ ಬಂದು, ಐದಕ್ಕೆ ಬಾಗಿಲು ಬಡಿದು, ಚಪ್ಪಲಿ ಬಿಟ್ಟವಳೇ ದುಪ್ಪಟಿಯೊಳಗೆ ಸೇರಿಕೊಂಡಳು. ಒಂದೂವರೆ ವರ್ಷದ ಹಿಂದೆ ಫೋನಿನಲ್ಲಿ ಹೇಳಿದ್ದಳು: "ಮಮ್ಮಿ, ಇನ್ನ ಹಾಲು, ಮೊಸರು, ತುಪ್ಪ, ಜೇನು ಏನೂ ಬ್ಯಾಡ ನನಗ." ಮೊಟ್ಟೆ ಬಿಟ್ಟೆ ಅಂದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ, ಈ ಮನೆಯೊಳಗೆ ಮೊಟ್ಟೆ ಬಂದದ್ದೇ ಇಲ್ಲ. ಇವರು ತಿನ್ನುತ್ತಿದ್ದದ್ದು ಹೊರಗೆ, ಗೆಳೆಯರ ಸಂಗಡ, ಕೈ ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಆದರೆ ಮೊಸರು? ರೊಟ್ಟಿಯ ಮಗ್ಗುಲಿಗೆ ಮೊಸರಿಲ್ಲದ ತಾಟನ್ನು ಮಗಳ ಮುಂದೆ ಹೇಗೆ ಇಡುವುದು? ಆಮೇಲೆ ಮೊದಲ ಸಲ ಊರಿಗೆ ಬಂದಾಗ ಅವಳಿಗೆಂದು ತಂದ ಪೇಢೆಯ ಡಬ್ಬಿ ಮೂರು ದಿನ ಫ್ರಿಜ್ಜಿನಲ್ಲಿ ದಾರ ಬಿಚ್ಚದೆ ಕೂತಿತ್ತು. ನಾನು ಅದನ್ನು ನೋಡಿ ನೋಡಿ ಬಾಗಿಲು ಮುಚ್ಚುತ್ತಿದ್ದೆ.

ಆಮೇಲೆ ನಾನೂ ಓದಿಕೊಂಡೆ. ಹಾಲು ಮೊಟ್ಟೆ ಎರಡನ್ನೂ ಬಿಟ್ಟ ಸಸ್ಯಾಹಾರಿಗಳ ಒಂದು ಸಣ್ಣ ಗುಂಪು 1944ರಲ್ಲಿ ಇಂಗ್ಲೆಂಡಿನಲ್ಲಿ ಸೇರಿ ತಮಗೊಂದು ಹೆಸರು ಹುಡುಕಿಕೊಂಡಿತು. ಅವರಲ್ಲಿ ಡೊನಾಲ್ಡ್ ವಾಟ್ಸನ್ ಮುಂದಾಳು. 'ವೆಜಿಟೇರಿಯನ್' ಅನ್ನುವ ಪದದ ತಲೆ ಮತ್ತು ಬಾಲ ಜೋಡಿಸಿದ್ದೇ 'ವೀಗನ್'. ಮಗಳ ಹಟಕ್ಕೆ ಇಷ್ಟು ವಯಸ್ಸಾಗಿದೆ ಅಂತ ತಿಳಿದ ಮೇಲೆ ನನಗೆ ಒಂದು ನಮೂನೆ ಸಮಾಧಾನವಾಯಿತು.

ಆಮ್ಲೆಟ್ಟಿನ ಮಾತು ತೆಗೆದವಳೂ ಅವಳೇ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಮೊಟ್ಟೆಯ ಆಮ್ಲೆಟ್ ತಿಂದಿದ್ದಳಂತೆ. ಬಿಟ್ಟದ್ದರಲ್ಲಿ ಯಾವುದೂ ನೆನಪಾಗುವುದಿಲ್ಲ, ಅದೊಂದು ಮಾತ್ರ ಚಳಿಗಾಲದ ಬೆಳಿಗ್ಗೆ ನೆನಪಾಗುತ್ತದೆ ಅಂದಳು. ತಿನ್ನುತ್ತಿದ್ದಳು ಅನ್ನುವುದು ನನಗೆ ಗೊತ್ತಾದದ್ದೇ ಅವತ್ತು. ಇಷ್ಟು ದಿನ ಹೇಳದ್ದನ್ನು ಈಗ ಹೇಳಿದಳಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ಹಿತ್ತಲ ಬಾಗಿಲಿನ ಅಗುಳಿ ಸರಿದ ಸದ್ದು. ಅವ್ವ ಬಂದಳು. ಎಪ್ಪತ್ತೆಂಟರ ಅವ್ವನ ಉಡಿಯಲ್ಲಿ ಸುಲಗಾಯಿ. ಹೊಲದಿಂದ ನಿನ್ನೆ ಕಿತ್ತು ತಂದ ಹಸಿ ಕಡಲೆ ಗಿಡದ ಸಿವುಡು ಹೊರಗೆ ಕಟ್ಟೆಯ ಮೇಲಿತ್ತು, ಕಾಯಿ ಬಿಡಿಸಿಕೊಂಡು ಬಂದಿದ್ದಾಳೆ. ಮಣೆ ಎಳೆದುಕೊಂಡು ಕೂತು ಸುಲಿಯತೊಡಗುತ್ತಾಳೆ. ಕಾಯಿ ಟಪ್ ಅಂತ ಒಡೆಯುತ್ತದೆ, ಹಸಿರು ಕಾಳು ತಾಟಿಗೆ ಬೀಳುತ್ತದೆ. ನಾನು ಒಂದು ಕಾಯಿ ಎತ್ತಿಕೊಂಡು ಬೆರಳು ನೆಕ್ಕುತ್ತೇನೆ. ಹುಳಿ. ಕಡಲೆ ಗಿಡದ ಎಲೆ ಕಾಯಿಗಳ ರೋಮದ ಮೇಲೆಲ್ಲ ಆ ಹುಳಿ ಇಬ್ಬನಿಯ ಹಾಗೆ ಕೂತಿರುತ್ತದೆ. ಸಣ್ಣವರಿದ್ದಾಗ ಹೊಲದಲ್ಲಿ ಓಡಾಡಿ ಬಂದರೆ ಕಾಲು ಚುರುಗುಟ್ಟುತ್ತಿತ್ತು.

"ಏನ್ ಮಾಡಾಕತ್ತೀಯವ್ವಾ?"

"ಆಮ್ಲೆಟ್."

ಅವ್ವನ ಕೈ ನಿಲ್ಲುತ್ತದೆ.

"ತತ್ತಿ ಇಲ್ಲಬೇ ಅದರಾಗ. ಕಡ್ಲಿ ಹಿಟ್ಟು. ಓವನ್ನ್ಯಾಗ ಬೇಯಸೂದು."

"ಹಂಗಾರ ಝುಣಕದ ವಡಿ ಅನ್ನು." ಕೈ ಮತ್ತೆ ಆಡತೊಡಗುತ್ತದೆ.

ಅವ್ವ ಹೇಳಿದ್ದು ಸುಳ್ಳಲ್ಲ. ಝುಣಕವನ್ನು ಗಟ್ಟಿ ಮಾಡಿ, ಎಣ್ಣೆ ಸವರಿದ ತಾಟಿಗೆ ತಟ್ಟಿ, ಆರಿದ ಮೇಲೆ ಶಂಕರಪೋಳಿಯ ಹಾಗೆ ಕೊಯ್ಯುವುದು ನಮ್ಮ ಕಡೆಯ ಪ್ರತಿ ಮನೆಗೂ ಗೊತ್ತು. ಅದೇ ಹಿಟ್ಟನ್ನು ನೀರಾಗಿಸಿ ಉರಿಯ ಒಳಗಿಟ್ಟರೆ ಬೇರೆ ಊರಿನ ತಿನಿಸು. ಇಟಲಿಯ ಜಿನೋವಾದಲ್ಲಿ ಅಗಲವಾದ ತಾಮ್ರದ ತಾಟಿಗೆ ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟನ್ನೇ ತೆಳ್ಳಗೆ ಸುರಿದು ಸೌದೆ ಒಲೆಯೊಳಗೆ ನೂಕುತ್ತಾರೆ, ಹೆಸರು ಫಾರಿನಾತಾ. ಫ್ರಾನ್ಸಿನ ನೀಸ್ ಊರಿನಲ್ಲಿ ಅದೇ ಸೋಕ್ಕಾ. ಜಿನೋವಾದವರಿಗೆ ಒಂದು ಕತೆಯಿದೆ: 1284ರಲ್ಲಿ ಮೆಲೋರಿಯಾ ಬಳಿ ಪಿಸಾದವರನ್ನು ಸೋಲಿಸಿ ಹಡಗಿನಲ್ಲಿ ಮರಳುವಾಗ ಬಿರುಗಾಳಿಗೆ ಕಡಲೆ ಹಿಟ್ಟಿನ ಪೀಪಾಯಿಗಳು ಉರುಳಿ, ಹಿಟ್ಟು ಸಮುದ್ರದ ನೀರಿನಲ್ಲಿ ಕಲಸಿಹೋಯಿತು, ಬಿಸಿಲಿಗೆ ಒಣಗಿದ ಮೇಲೆ ತಿಂದು ನೋಡಿದರೆ ರುಚಿಯಾಗಿತ್ತು ಅಂತ. ಯುದ್ಧ ನಡೆದದ್ದು ನಿಜ, ಉಳಿದದ್ದು ಹೇಳಿಕೆಯ ಕತೆ. ನನಗೆ ಅದು ಇಷ್ಟ. ಕೆಟ್ಟುಹೋಯಿತು ಅಂತ ಚೆಲ್ಲದೆ ಬಾಯಿಗಿಟ್ಟು ನೋಡಿದ ಆ ಮನುಷ್ಯ ಯಾರೇ ಇರಲಿ, ಅವನ ಹಸಿವು ನಮ್ಮ ಹೊಲದವರ ಹಸಿವಿನಂಥದ್ದೇ.

ಏಳೂ ಕಾಲು. ಬೀಡಿನ ಬಾಣಲೆ ಒಲೆಯ ಮೇಲಿದೆ. ಎರಡು ಚಮಚ ಶೇಂಗಾ ಎಣ್ಣೆ. ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ, ಒಂದು ದೊಣ್ಣೆ ಮೆಣಸಿನಕಾಯಿ, ತುರಿದ ಗಜ್ಜರಿ, ಮೂರು ಹಸಿಮೆಣಸಿನಕಾಯಿ. ಉಳ್ಳಾಗಡ್ಡಿ ಬಾಡಿ ಅಂಚು ಕೆಂಪಾಗುವ ಹೊತ್ತಿಗೆ ಅವ್ವನ ತಾಟು ನನ್ನ ಮುಂದೆ ಬರುತ್ತದೆ, ಒಂದು ಬೊಗಸೆ ಸುಲಗಾಯಿ ಕಾಳು. ಬಾಣಲೆಗೆ ಬಿದ್ದ ಕೂಡಲೇ ಕಾಳಿನ ಹಸಿರು ಇನ್ನಷ್ಟು ಹೊಳೆಯುತ್ತದೆ. ಟೊಮೆಟೊವನ್ನು ಸೀಳಿ ಬೀಜ ರಸವನ್ನು ಬೇರೆ ಬಟ್ಟಲಿಗೆ ಹಿಂಡುತ್ತೇನೆ, ಅದು ಮಧ್ಯಾಹ್ನದ ಸಾರಿಗೆ. ಗಟ್ಟಿ ತಿರುಳು ಮಾತ್ರ ಬಾಣಲೆಗೆ. ಕೊನೆಗೆ ಒಂದು ಹಿಡಿ ಮೆಂತ್ಯದ ತಪ್ಪಲು, ಒಂದು ಹಿಡಿ ಸಬ್ಬಸಗಿ. ಸೊಪ್ಪಿನ ನೀರು ಚುಂಯ್ ಎಂದು ಆವಿಯಾಗುವವರೆಗೆ ಸೌಟು ಬಿಡುವಂತಿಲ್ಲ. ಬಾಣಲೆಯ ತಳ ಒಣಗಬೇಕು, ತರಕಾರಿ ಅರ್ಧಕ್ಕೆ ಇಳಿಯಬೇಕು. ದೀಪಾವಳಿಯ ಕೆಸರು ಈಗಿಲ್ಲ.

ಬಾಣಲೆ ಇಳಿಸಿ ಹಿಟ್ಟಿನ ತಟ್ಟೆ ತೆಗೆಯುತ್ತೇನೆ. ಹಿಟ್ಟು ನೀರು ಕುಡಿದು ದಪ್ಪಗಾಗಿದೆ, ಮೇಲೆ ನೊರೆಯ ತೆಳುಪದರ. ಚಮಚದಿಂದ ನೊರೆ ತೆಗೆದು ಚೆಲ್ಲುತ್ತೇನೆ. ಉಳಿದ ಒಂದು ಕಪ್ ನೀರಿಗೆ ಕೈ ಚಾಚಿದಾಗ ಅವ್ವ ಕೂತಲ್ಲಿಂದಲೇ ಹೇಳುತ್ತಾಳೆ:

"ನೀರ್ ಯಾಕ ಹಾಕ್ತಿ? ಕುಸುಬಿ ಹಾಲು ಐತಲ್ಲ."

ಮೊಮ್ಮಗಳು ಬರುತ್ತಾಳೆಂದು ಅವ್ವ ರಾತ್ರಿಯೇ ಕುಸುಬಿ ನೆನೆಹಾಕಿದ್ದಳು, ಹುಗ್ಗಿಗೆ. ಬೆಳಿಗ್ಗೆ ನಾನು ಏಳುವ ಮುಂಚೆಯೇ ರುಬ್ಬಿಯೂ ಆಗಿದೆ. ಮೂಲೆಯಲ್ಲಿ ಪಾತ್ರೆಯ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಅವ್ವ ಎದ್ದು ಬರುತ್ತಾಳೆ. ಬಟ್ಟೆಯ ನಾಲ್ಕೂ ತುದಿ ಸೇರಿಸಿ ತಿರುವುತ್ತಾಳೆ. ಹಿಂಡಿದ ಹಾಗೆ ಬೆರಳ ಸಂದಿಯಿಂದ ಬೆಳ್ಳಗೆ, ಗಟ್ಟಿಯಾಗಿ, ಎಮ್ಮೆ ಹಾಲಿಗಿಂತ ಒಂದಿಷ್ಟು ಮಾಸಲು ಬಣ್ಣದಲ್ಲಿ ಹಾಲು ಇಳಿಯುತ್ತದೆ. ವಾಸನೆ ಎಳ್ಳಿನ ಹತ್ತಿರದ್ದು, ಆದರೆ ಎಳ್ಳಿನಷ್ಟು ಗಡುಸಲ್ಲ. ಬಟ್ಟೆಯಲ್ಲಿ ಉಳಿದದ್ದು ಬಿರುಸಾದ ಬಿಳಿ ಸಿಪ್ಪೆ.

ನಾನು ಪಾತ್ರೆ ಹಿಡಿದು ನಿಂತೇ ಇದ್ದೇನೆ. ಒಂದೂವರೆ ವರ್ಷದಿಂದ ಸೋಯಾ ಹಾಲಿನ ಪೊಟ್ಟಣ, ಬಾದಾಮಿ ಹಾಲಿನ ಪೊಟ್ಟಣ ಎಂದು ಹುಬ್ಬಳ್ಳಿಯ ಅಂಗಡಿಗಳಿಗೆ ತಿರುಗಿದವಳು ನಾನು. ಹೊಲದ ಬದುವಿನಲ್ಲಿ ಜೋಳಕ್ಕೆ ಕಾವಲಾಗಿ ಮುಳ್ಳು ಹೊತ್ತು ನಿಂತುಕೊಳ್ಳುವ ಕುಸುಬಿ, ಅದರ ಹಾಲು, ಆ ಹಾಲಿನ ಹುಗ್ಗಿ, ಇವನ್ನೆಲ್ಲ ಉಂಡು ಬೆಳೆದವಳು. ಹಾಲು ಎಂದರೆ ಇದೂ ಹಾಲು ಎಂದು ನನಗೆ ಹೊಳೆದೇ ಇರಲಿಲ್ಲ.

ಒಂದು ಕಪ್ ಅಳೆದು ಹಿಟ್ಟಿಗೆ ಸುರಿಯುತ್ತೇನೆ. ಬಣ್ಣ ಕೂಡಲೇ ತಿಳಿಯಾಗುತ್ತದೆ, ಸೌಟಿನಿಂದ ಬೀಳುವ ಧಾರೆ ರೇಷ್ಮೆಯಂತಾಗುತ್ತದೆ. ಕುಸುಬಿ ಎಣ್ಣೆಕಾಳು, ಬರೀ ನೀರು ಕೊಡಲಾರದ ಜಿಡ್ಡು ಹಾಲಿನೊಂದಿಗೆ ಬಂದಿದೆ. ಮೊಟ್ಟೆಯಲ್ಲಿ ಹಳದಿ ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ ಅನಿಸಿತು.

ಓವನ್ ಹಚ್ಚಿದ್ದೇನೆ, ಇನ್ನೂರು ಡಿಗ್ರಿ, ಮೇಲಿನ ಕೆಳಗಿನ ಸರಳು ಎರಡೂ ಕೆಂಪು. ಒಂಬತ್ತು ಅಂಗುಲದ ಡಬ್ಬಕ್ಕೆ ಎರಡು ಚಮಚ ಎಣ್ಣೆ ಹಾಕಿ ಖಾಲಿಯೇ ಒಳಗಿಟ್ಟಿದ್ದೇನೆ, ದೋಸೆಗೆ ಹಂಚು ಕಾಯಿಸಿದ ಹಾಗೆ. ಗಾಜಿನ ಹತ್ತಿರ ಅವ್ವ ಬಗ್ಗಿ ನೋಡುತ್ತಾಳೆ. "ಮ್ಯಾಲೂ ಕೆಂಡ, ಕೆಳಗೂ ಕೆಂಡ. ನಾವೂ ಮುಚ್ಚಳದ ಮ್ಯಾಲ ಕೆಂಡ ಹಾಕ್ತಿದ್ದಿವಿ."

ಮಗಳು ಎದ್ದು ಬಂದಿದ್ದಾಳೆ, ದುಪ್ಪಟಿ ಹೊದ್ದುಕೊಂಡೇ. ಅಜ್ಜಿಯ ಬೆನ್ನಿಗೆ ಒರಗಿ ಪಾತ್ರೆಯೊಳಗೆ ಇಣುಕುತ್ತಾಳೆ. "ಅಮ್ಮಾ, ಇದೇನಬೇ?" ನಮ್ಮಲ್ಲಿ ಅಜ್ಜಿಗೆ ಅಮ್ಮ ಅನ್ನುವುದೇ ರೂಢಿ. ಅವ್ವ ಹಾಲಿನಲ್ಲಿ ಬೆರಳದ್ದಿ ಅವಳ ತುಟಿಗೆ ಹಚ್ಚುತ್ತಾಳೆ. ಮಗಳು ಚಪ್ಪರಿಸುತ್ತಾಳೆ, ಕಣ್ಣು ಅರಳುತ್ತದೆ.

"ಆಕಳ ಹಾಲಿನ ಮ್ಯಾಲ ನಿಂದೇನ್ ಸಿಟ್ಟು, ಯವ್ವಾ?" ಅವ್ವ ಇದನ್ನು ಮೊದಲ ಸಲ ಕೇಳುತ್ತಿದ್ದಾಳೆ. "ಕರು ಕುಡದ ಮ್ಯಾಲ ಹಿಂಡ್ತಿದ್ದಿವಿ ನಾವು."

"ನೀವು ಹಂಗ ಮಾಡ್ತಿದ್ದಿರಿ ಅಮ್ಮಾ. ಈಗ ಎಲ್ಲಾ ಕಡೆ ಹಂಗ ಇಲ್ಲ. ಗಂಡು ಕರು ಹುಟ್ಟಿದ್ರ ಅದನ್ನ ಸಾಕಾವ್ರ ಯಾರು?"

ಅವ್ವ ಬಹಳ ಹೊತ್ತು ಏನೂ ಅನ್ನುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಹೊಲ ಅವಳದು. ಕೊನೆಯ ಜೋಡಿಯನ್ನು ಮಾರಿದ ದಿನ ಅವಳು ಉಂಡಿರಲಿಲ್ಲ. "ಅದು ಖರೆ," ಅನ್ನುತ್ತಾಳೆ.

ಹಿಟ್ಟಿಗೆ ತರಕಾರಿ ಬೆರೆಸಿದ್ದೇನೆ. ಈಗ ಅರ್ಧ ಚಮಚ ಅಡುಗೆ ಸೋಡಾ. ಉದುರಿಸಿದ ಕೂಡಲೇ ಅದು ಬಿದ್ದಲ್ಲೆಲ್ಲ ಕೆಂಪು ಚುಕ್ಕಿ! ಮಗಳು ಗಾಬರಿಯಾಗಿ ನೋಡುತ್ತಾಳೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರು ಕೆಂಪು ಮಾಡುತ್ತೇವಲ್ಲ, ಅದೇ ಇದು. ಸೋಡಾದ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ. ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಹಿಟ್ಟು ಬುಸ್ಸೆಂದು ನೊರೆಯುತ್ತದೆ, ಚುಕ್ಕಿಗಳು ಕರಗಿ ಮತ್ತೆ ಹಳದಿಯಾಗುತ್ತವೆ. ಇನ್ನು ತಡ ಮಾಡುವಂತಿಲ್ಲ, ಈ ಗುಳ್ಳೆಗಳು ಒಡೆಯುವ ಮುಂಚೆ ಉರಿ ಮುಟ್ಟಬೇಕು. ಬಟ್ಟೆ ಹಿಡಿದು ಡಬ್ಬ ಹೊರಗೆಳೆದು ಸುರಿಯುತ್ತೇನೆ. ಚೊಂಯ್! ಅಂಚಿನ ಸುತ್ತ ಎಣ್ಣೆ ಕುದಿದು ಹಿಟ್ಟು ಬಿಳಿಯ ಜಾಲರಿಯಾಗುತ್ತದೆ. ಮೇಲೆ ನಾಲ್ಕು ಟೊಮೆಟೊ ಬಿಲ್ಲೆ, ಒಂದು ಚಿಟಿಕೆ ಎಳ್ಳು. ಓವನ್ನಿನ ಬಾಗಿಲು ಮುಚ್ಚಿತು.

ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಅಂಚು ಮೆಲ್ಲಗೆ ಏಳುತ್ತದೆ, ನಡುವೆ ಇನ್ನೂ ತೊಯ್ದ ಹೊಳಪು. ಮೊದಲು ಬರುವುದು ಸಬ್ಬಸಗಿಯ ಘಮ, ಅದರ ಹಿಂದೆ ಉಳ್ಳಾಗಡ್ಡಿಯ ಸಿಹಿ. ಇಪ್ಪತ್ತೈದನೆಯ ನಿಮಿಷಕ್ಕೆ ಹಿಟ್ಟಿನ ಹಸಿ ವಾಸನೆ ಎಲ್ಲಿ ಹೋಯಿತೋ, ಹುರಿಗಡಲೆಯ ವಾಸನೆ ಮನೆ ತುಂಬುತ್ತದೆ. ಮಗಳು ಓವನ್ನಿನ ಮುಂದೆ ನೆಲಕ್ಕೆ ಕೂತು ಕಾಲು ಕಾಸಿಕೊಳ್ಳುತ್ತಿದ್ದಾಳೆ. ಮೂವತ್ತೈದಕ್ಕೆ ಚಾಕುವಿನ ತುದಿ ನಡುವಿಗೆ ಇಳಿಸುತ್ತೇನೆ, ಒಣಗಿಯೇ ಹೊರಬರುತ್ತದೆ. ಮೇಲಿನ ಸರಳೊಂದನ್ನೇ ಉರಿಸಿ ಇನ್ನು ಐದು ನಿಮಿಷ. ಅಲ್ಲಲ್ಲಿ ಗುಳ್ಳೆಯೆದ್ದು ಕಂದು ಕಲೆ ಬೀಳುತ್ತದೆ, ಟೊಮೆಟೊದ ಅಂಚು ಸುಕ್ಕಾಗುತ್ತದೆ.

ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟೆ. ಮಗಳ ಕೈ ಚಾಕುವಿಗೆ ಹೋಗುತ್ತದೆ.

"ತಡೀ. ಹದಿನೈದು ನಿಮಿಷ."

ಬಿಸಿಯಿದ್ದಾಗ ಕೊಯ್ದರೆ ಚಾಕುವಿಗೇ ಅಂಟಿಕೊಳ್ಳುತ್ತದೆ. ಮೊಟ್ಟೆ ಬೆಂದಾಗಲೇ ಗಟ್ಟಿಯಾಗುತ್ತದೆ. ಕಡಲೆ ಹಿಟ್ಟಿನಲ್ಲಿ ಪಿಷ್ಟವೂ ಇದೆ, ಅದು ಗಟ್ಟಿಯಾಗಿ ನಿಲ್ಲುವುದು ಆರುವಾಗ. ವಡಿ ಆರದೆ ಕೊಯ್ಯಬಾರದೆಂದು ಅವ್ವ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ದೀಪಾವಳಿಯಲ್ಲಿ 'ಆಮ್ಲೆಟ್' ಅನ್ನುವ ಹೆಸರಿಗೆ ಮರುಳಾಗಿ ಅದನ್ನು ಮರೆತಿದ್ದೆ. ಈ ತಿನಿಸನ್ನು ಮೊಟ್ಟೆಯ ಬದಲಿ ಅಂತ ನೋಡುವುದೇ ತಪ್ಪು, ನನ್ನ ಮಟ್ಟಿಗೆ. ಕಡಲೆ ಹಿಟ್ಟಿಗೆ ತನ್ನದೇ ನಡೆ ಇದೆ, ನೆನೆಯುವುದಕ್ಕೆ ಒಂದು ಹೊತ್ತು, ಆರುವುದಕ್ಕೆ ಒಂದು ಹೊತ್ತು.

ಆದರೂ ಮಗಳಿಗೆ ನೆನಪಾಗುವ ಆ ವಾಸನೆ? ಅದಕ್ಕೆ ಅವಳೇ ಪುಣೆಯಿಂದ ಪೊಟ್ಟಣ ತಂದಿದ್ದಾಳೆ. ಕಪ್ಪುಪ್ಪು. ಗಡ್ಡೆಯಿದ್ದಾಗ ಕಪ್ಪು ನೇರಳೆ, ಪುಡಿಯಾದರೆ ಬೂದು ಗುಲಾಬಿ. ಕಲ್ಲುಪ್ಪನ್ನು ಇದ್ದಿಲು, ಅಳಲೆಕಾಯಿ, ನೆಲ್ಲಿಕಾಯಿಗಳ ಜೊತೆ ಕುಲುಮೆಯಲ್ಲಿ ಕಾಯಿಸಿದಾಗ ಅದರಲ್ಲಿ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಬೇಯಿಸಿದ ಮೊಟ್ಟೆಯ ವಾಸನೆಗೂ ಗಂಧಕವೇ ಕಾರಣ. ಉರಿಗೆ ಹಾಕಿದರೆ ಆ ವಾಸನೆ ಹಾರಿಹೋಗುತ್ತದೆ, ಅದಕ್ಕೇ ಕೊನೆಗೆ, ತಿನ್ನುವ ಮುಂಚೆ. ಅವ್ವ ಪೊಟ್ಟಣ ಮೂಗಿಗೆ ಹಿಡಿದು ಮುಖ ಕಿವುಚುತ್ತಾಳೆ. ಮತ್ತೊಮ್ಮೆ ಮೂಸುತ್ತಾಳೆ.

"ಇಂಗಿನ ಹಂಗ ಐತಿ."

ಹೌದು, ಇಂಗಿನ ಗಾಟೂ ಗಂಧಕದ್ದೇ. ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನದ ಮನೆಗಳಲ್ಲಿ ಎಷ್ಟು ತಲೆಮಾರಿನಿಂದ ಇಂಗು ಅವುಗಳ ಜಾಗದಲ್ಲಿ ಕೂತು ಸಾರು ಘಮಿಸುವಂತೆ ಮಾಡಿದೆ! ಬಿಟ್ಟದ್ದರ ವಾಸನೆಯನ್ನು ಬೇರೊಂದರಲ್ಲಿ ಹುಡುಕಿಕೊಳ್ಳುವುದು ಈ ನಾಡಿನ ಅಡುಗೆಮನೆಗೆ ಹೊಸದಲ್ಲ.

ಚಾಕು ಇಳಿಯುತ್ತದೆ. ಅಂಚು ಕರುಂ ಎನ್ನುತ್ತದೆ, ಒಳಗೆ ಮೆತ್ತಗೆ. ಎತ್ತಿದ ತುಂಡು ಮುರಿಯದೆ ನಿಂತಿದೆ. ಕೊಯ್ದ ಮಗ್ಗುಲಲ್ಲಿ ಹಳದಿಯ ನಡುವೆ ಸುಲಗಾಯಿ ಕಾಳು ಹಸಿರು ಮಣಿಗಳ ಹಾಗೆ ಸಿಕ್ಕಿಕೊಂಡಿವೆ. ತಾಟಿನ ಮಗ್ಗುಲಿಗೆ ಗುರೆಳ್ಳು ಚಟ್ನಿ, ಮೊಸರಿಲ್ಲದೆ ಶೇಂಗಾ ಎಣ್ಣೆಯಲ್ಲಿ ಕಲಸಿದ್ದು. ಮೂರು ಬೆರಳಿನಿಂದ ಕಪ್ಪುಪ್ಪು ಉದುರಿಸುತ್ತೇನೆ. ಬಿಸಿಗೆ ತಗುಲಿದ ಕೂಡಲೇ ವಾಸನೆ ಏಳುತ್ತದೆ. ಪಡಸಾಲೆಯಿಂದ ಇವರ ದನಿ: "ಯಾರು ತತ್ತಿ ತಂದಾರ?" ಪೇಪರ್ ಕೈಯಲ್ಲೇ ಹಿಡಿದು ಬಾಗಿಲಲ್ಲಿ ಬಂದು ನಿಂತರು.

ಮಗಳು ಮೊದಲ ತುತ್ತು ಬಾಯಿಗಿಟ್ಟಿದ್ದಾಳೆ. ನಾನು ಅವಳ ದವಡೆಯನ್ನೇ ನೋಡುತ್ತಿದ್ದೇನೆ. ಅವಳು ಮಾತಾಡುವುದಿಲ್ಲ. ಈ ಸಲದ ಮೌನ ಬೇರೆ. ಕೈ ಆಗಲೇ ಎರಡನೆಯ ತುತ್ತು ಮುರಿಯುತ್ತಿದೆ, ಚಟ್ನಿಗೆ ಅದ್ದುತ್ತಿದೆ. ಅವ್ವ ಅಂಚಿನ ತುಂಡನ್ನೇ ಆರಿಸಿಕೊಂಡು, ಹಲ್ಲಿಲ್ಲದ ಕಡೆಯಿಂದ ಈ ಕಡೆಗೆ ಹೊರಳಿಸಿ ನಿಧಾನ ಅಗಿಯುತ್ತಾಳೆ. ಆಮ್ಲೆಟ್ ಅನ್ನುವುದನ್ನು ಅವಳು ತಿನ್ನುತ್ತಿರುವುದು ಇದೇ ಮೊದಲು. ಇವರು ನಿಂತೇ ಎರಡು ತುಂಡು ಮುಗಿಸಿದರು.

ಡಬ್ಬದಲ್ಲಿ ಈಗ ಒಂದೇ ಕಾಲುಭಾಗ ಉಳಿದಿದೆ, ಮಧ್ಯಾಹ್ನ ರೊಟ್ಟಿಯೊಳಗೆ ಸುತ್ತಿಕೊಳ್ಳಲು ಎಂದು ಮುಚ್ಚಿಟ್ಟೆ. ಹುಗ್ಗಿಗೆ ಅವ್ವ ಬೆಲ್ಲ ಕುಟ್ಟುತ್ತಿದ್ದಾಳೆ. ಗೇಟಿನ ಹತ್ತಿರ ಗಂಟೆಯ ಸದ್ದು. ಓಣಿಯ ಆಕಳು ದಿನದಂತೆ ಬಂದು ಕಂಬಿಗೆ ಕುತ್ತಿಗೆ ತಿಕ್ಕುತ್ತಿದೆ. ಅವ್ವ ಕುಸುಬಿಯ ಸಿಪ್ಪೆ ತುಂಬಿದ ಬಟ್ಟಲನ್ನು ಮಗಳ ಕೈಗೆ ಕೊಡುತ್ತಾಳೆ. "ಹೋಗ್, ಹಾಕಿ ಬಾ."

ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ ನೋಡುತ್ತೇನೆ. ದುಪ್ಪಟಿ ಹೊದ್ದ ಮಗಳು ಗೇಟಿನ ಮೇಲೆ ಬಗ್ಗಿದ್ದಾಳೆ. ಆಕಳು ಬಟ್ಟಲಿನ ತಳದವರೆಗೂ ನೆಕ್ಕಿ, ಆಮೇಲೆ ಅವಳ ಮುಂಗೈಯನ್ನೂ ನೆಕ್ಕುತ್ತಿದೆ.